ಕೆಸರಿನಲ್ಲಿ ಕಂಡ ಗೆಂಡೆ ಮೀನು

ನಮ್ಮ ಹಳ್ಳದ ಕೆಸರಿನಲ್ಲಿ ಮೀನಿದೆ ಎಂದು ಕಂಪ್ಯೂಟರು ಹೇಳಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನ್ನ ವಿದ್ಯಾರ್ಥಿನಿ ಬಂದು ಬಾಗಿಲಲ್ಲಿ ನಿಂತಳು. ಲ್ಯಾಪ್‌ಟಾಪನ್ನು ಮುಚ್ಚಿರಲಿಲ್ಲ. ಊಟದ ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಮಹಡಿ ಇಳಿದು ಬಂದಿದ್ದಳು.

“ಮ್ಯಾಡಮ್, ಒಂದೀಟು ನೋಡ್ತೀರೇನ್ರಿ? ನಮ್ಮ ಸ್ಯಾಂಪಲ್ಲಿನ್ಯಾಗ ಮೀನ ಬಂದದ.”

“ಏನು ಬಂದದ?”

“ಮೀನ್ರಿ. ಕಾರ್ಪ್ ಅಂತ ತೋರಿಸ್ಲಕತ್ತದ.”

ಕಾರ್ಪ್ ಎಂದರೆ ಗೆಂಡೆ ಮೀನು. ನಾವು ಕೆಸರು ತಂದದ್ದು ಪುಣೆ ಜಿಲ್ಲೆಯ ಕುರಕುಂಭದ ಆಚೆ, ರಾಸಾಯನಿಕ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಸಿಗುವ ಒಂದು ಸಣ್ಣ ಹಳ್ಳದಿಂದ. ಅಂಥ ನೆಲದಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ, ಏನನ್ನು ತಿಂದು ಬದುಕುತ್ತವೆ ಎಂದು ನೋಡುವುದು ಅವಳ ಎಂಎಸ್ಸಿ ಪ್ರಾಜೆಕ್ಟು. ನಾವು ಹೋದ ದಿನ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಅಷ್ಟೇ. ಮೀನಿರಲಿ, ಒಂದು ಕಪ್ಪೆಯೂ ಕಂಡಿರಲಿಲ್ಲ. ನಾನು ಪತ್ರಿಕೆಗಳ ಮೇಲೆ ಡಸ್ಟರ್ ಇಟ್ಟು ಎದ್ದೆ.

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು, ಇಲ್ಲಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ನನಗೆ ಗೊತ್ತಿರುವುದು ಗಾಜಿನ ತಟ್ಟೆ, ಸೂಕ್ಷ್ಮದರ್ಶಕ, ಮತ್ತು ಮೂಗು. ಇನ್‌ಕ್ಯುಬೇಟರಿನ ಬಾಗಿಲು ತೆರೆದ ಕೂಡಲೇ ಒಳಗೆ ಏನು ಬೆಳೆದಿದೆ ಎಂದು ವಾಸನೆಯಿಂದಲೇ ಹೇಳಬಲ್ಲೆ. ಆದರೆ ಕೆಸರಿನ ಡಿಎನ್‌ಎ ತೆಗೆದು ಬೇರೊಂದು ಊರಿನ ಪ್ರಯೋಗಾಲಯಕ್ಕೆ ಕಳಿಸಿ, ಅವರು ಅದನ್ನು ಓದಿ ಅಕ್ಷರಗಳ ರೂಪದಲ್ಲಿ ಮರಳಿ ಕಳಿಸಿದಾಗ ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಬಂದ ಫೈಲಿನ ಮೇಲೆ ಎರಡು ಸಲ ಒತ್ತಿದೆ. ಕಂಪ್ಯೂಟರು ನಿಂತೇಹೋಯಿತು. ಆಫ್ ಮಾಡಿ ಮತ್ತೆ ಒತ್ತಿದೆ, ಮತ್ತೆ ನಿಂತಿತು. ಎರಡು ವಾರ ಆ ಫೈಲು ಹಾಗೇ ಬಿದ್ದಿತ್ತು.

ಆಗ ಇವಳು, “ಅದು ನಾ ನೋಡ್ಲೇನ್ರಿ?” ಎಂದು ಕೇಳಿದಳು.

ಅವಳು ಕನ್ನಡದವಳು ಎಂದು ನನಗೆ ತಿಳಿದದ್ದೇ ಆಕಸ್ಮಿಕ. ಮೊದಲ ಸೆಮಿಸ್ಟರು ಪೂರ್ತಿ ನಾವು ಮರಾಠಿಯಲ್ಲೇ ಮಾತಾಡಿದ್ದೆವು. ಒಂದು ದಿನ ಲ್ಯಾಬಿನಲ್ಲಿ ಬಿಸಿ ಫ್ಲಾಸ್ಕು ಕೈಗೆ ತಾಗಿ “ಯವ್ವಾ” ಎಂದಳು. “ನೀರಾಗ ಹಿಡಿ, ನೀರಾಗ ಹಿಡಿ” ಎಂದು ನನ್ನ ಬಾಯಿಂದಲೂ ಬಂತು. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಅವಳು ತಿರುಗಿ ನನ್ನನ್ನು ನೋಡಿದಳು. ಅವಳ ತಂದೆ ಯಾದಗಿರಿ ಕಡೆಯವರು, ಪುಣೆಯ ಅಂಚಿನ ಭೋಸರಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಅವಳು ಹುಟ್ಟಿದ್ದು, ಬೆಳೆದದ್ದು, ಮರಾಠಿ ಶಾಲೆಯಲ್ಲಿ ಓದಿದ್ದು ಎಲ್ಲ ಭೋಸರಿಯಲ್ಲೇ. ನನ್ನ ‘ಮಾಡಾಕತ್ತೀನಿ’ ಅವಳ ಬಾಯಲ್ಲಿ ‘ಮಾಡ್ಲಕತ್ತೀನಿ’ ಆಗುತ್ತಿತ್ತು. ಅಂದಿನಿಂದ ಕ್ಲಾಸಿನಲ್ಲಿ ಮರಾಠಿ, ಲ್ಯಾಬಿನಲ್ಲಿ ಕನ್ನಡ ಎಂದಾಯಿತು.

ಆ ಚಳಿಗಾಲದಲ್ಲಿ ಅವಳು ಶನಿವಾರ ಭಾನುವಾರಗಳಂದು ಒಂದು ವರ್ಕ್‌ಶಾಪಿಗೆ ಹೋಗುತ್ತಿದ್ದಳು. ಊರಿನ ಒಂದು ಸಂಶೋಧನಾ ಸಂಸ್ಥೆಯ ಪಿಎಚ್‌ಡಿ ಹುಡುಗ ಹುಡುಗಿಯರು ತಾವಾಗಿಯೇ ನಡೆಸುತ್ತಿದ್ದ ಪಾಠ ಅದು. ಅವರವರ ಲ್ಯಾಪ್‌ಟಾಪು ಅವರವರೇ ತಂದು, ಜೀನೋಮ್ ದತ್ತಾಂಶವನ್ನು ಹೇಗೆ ಓದಬೇಕು ಎಂದು ಕಲಿಯುವುದು. ನನ್ನ ಆ ಫೈಲನ್ನು ಅವಳು ಒತ್ತಿ ತೆರೆಯಲಿಲ್ಲ. ಕಪ್ಪು ಪರದೆಯೊಂದನ್ನು ತಂದುಕೊಂಡು ಒಂದು ಸಾಲು ಟೈಪ್ ಮಾಡಿದಳು. ಫೈಲಿನ ಮೊದಲ ಕೆಲವು ಸಾಲು ಮಾತ್ರ ಮೂಡಿದವು. ನಾಲ್ಕೇ ಅಕ್ಷರಗಳು, ಹಿಂದುಮುಂದಾಗಿ, ಉದ್ದಕ್ಕೆ.

“ಪೂರಾ ತೆಗಿಯೋದು ಬ್ಯಾಡ್ರಿ. ಇದರ ತಲಿ ಅಷ್ಟ ನೋಡಬೇಕು,” ಎಂದಳು.

ಅವಳು ಬಳಸುತ್ತಿದ್ದ ಪ್ರೋಗ್ರಾಮುಗಳನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದಿತ್ತು. ಅಷ್ಟಾದರೆ ನನಗೆ ಬೆರಗಾಗುತ್ತಿರಲಿಲ್ಲ.

“ಇದನ್ನೆಲ್ಲಾ ಬರದವರು ಯಾರು?”

“ಯಾರರೆ ನನ್ನಂಗ ಓದೋರ ಬರದಿರ್ತಾರ್ರಿ. ಒಬ್ಬರು ಸುರು ಮಾಡ್ತಾರ, ಮತ್ತೊಬ್ಬರು ಕೂಡಸ್ತಾರ.”

“ಫುಕಟ್?”

“ಫುಕಟ್ ಇರೋದು ದೊಡ್ಡದಲ್ರಿ. ಒಳಗ ತೆರದು ನೋಡಬಹುದು. ಹೆಂಗ ಮಾಡ್ಯಾರ ಅಂತ ಪೂರಾ ಕಾಣ್ತದ.”

ಒಂದು ಪ್ರೋಗ್ರಾಮನ್ನು ತೆರೆದೇ ತೋರಿಸಿದಳು. ನನಗೆ ಅರ್ಥವಾದದ್ದು ಕಡಿಮೆ. ಆದರೆ ನಡುನಡುವೆ ಬರೆದವರು ಬೇರೆಯವರಿಗೆಂದು ಬಿಟ್ಟ ಟಿಪ್ಪಣಿಗಳಿದ್ದವು, ಅವು ಸಾದಾ ಇಂಗ್ಲಿಷಿನಲ್ಲಿ. ಒಂದು ಕಡೆ, ‘ಈ ಸಾಲು ಒಡ್ಡೊಡ್ಡಾಗಿದೆ, ನಾಳೆ ಸರಿಮಾಡುತ್ತೇನೆ’ ಎಂದಿತ್ತು. ಬರೆದು ವರ್ಷಗಳೇ ಆಗಿದ್ದವು. ನಮ್ಮ ಓಣಿಯಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ನೆನಪಾಗಿ ನಕ್ಕೆ. ಅವಳಿಗೂ ಆ ಕಥೆ ಹೇಳಬೇಕಾಯಿತು. ಆಮೇಲೆ ಆ ಪ್ರೋಗ್ರಾಮಿಗೆ ಅವಳು ‘ನಾಳೆಬಾ’ ಎಂದೇ ಹೆಸರಿಟ್ಟಳು.

ಅದು ಮಾಡುವ ಕೆಲಸ ಇಷ್ಟು. ಭೇಳಪುರಿ ಕಟ್ಟಿಕೊಟ್ಟ ಕಾಗದದ ಚೂರನ್ನು ನೋಡಿ ಇದು ಯಾವ ಪತ್ರಿಕೆಯದು ಎಂದು ನಾವು ಹೇಳುತ್ತೇವಲ್ಲ, ಹಾಗೆ ಕೆಸರಿನ ಡಿಎನ್‌ಎಯ ಒಂದೊಂದು ಚೂರನ್ನೂ ಈವರೆಗೆ ಗೊತ್ತಿರುವ ಜೀವಿಗಳ ಜೀನೋಮುಗಳ ದೊಡ್ಡ ಭಂಡಾರದ ಜೊತೆ ಹೋಲಿಸಿ, ಇದು ಇಂಥ ಜೀವಿಯದು ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ನಾವು ಎದುರು ನೋಡಿದ ಬ್ಯಾಕ್ಟೀರಿಯಾಗಳೆಲ್ಲ ಇದ್ದವು. ಅವುಗಳ ನಡುವೆ ಗೆಂಡೆ ಮೀನೂ ಇತ್ತು. ಅದೂ ಒಂದೆರಡು ಚೂರಲ್ಲ, ಸಾವಿರಗಟ್ಟಲೆ.

ಮೊದಲು ನಕ್ಕೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ. ನಿಜ ಹೇಳಬೇಕೆಂದರೆ, ಅಲ್ಲಿ ಮೀನಿರಲಿ ಎಂದು ನನಗೆ ಆಸೆಯಾಯಿತು. ಆ ಹಳ್ಳದ ದಂಡೆಯಲ್ಲಿ ನಿಂತಾಗ ಏನೂ ಬದುಕದ ಜಾಗವಿದು ಎಂದುಕೊಂಡಿದ್ದೆ. ನನ್ನ ಊಹೆ ಸುಳ್ಳಾಗುವುದು ನನಗೆ ಬೇಕಾಗಿತ್ತು. ಅದೇ ಹುರುಪಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ಹೇಳಿಬಿಟ್ಟೆ. ಅವರು ಸಸ್ಯರೋಗ ಓದಿದವರು, ಒಳ್ಳೆಯ ಮನುಷ್ಯ, ಆದರೆ ಬಹಳ ಉತ್ಸಾಹಿ. ಮರುದಿನ ಬೆಳಗ್ಗೆ ನೋಟಿಸ್ ಬೋರ್ಡಿನ ಮೇಲೆ ಬಣ್ಣದ ಮೀನಿನ ಚಿತ್ರದ ಕೆಳಗೆ ನಮ್ಮಿಬ್ಬರ ಹೆಸರುಗಳಿದ್ದವು. ‘ಹಳ್ಳದ ಕೆಸರಿನಲ್ಲಿ ಮೀನಿನ ಡಿಎನ್‌ಎ ಪತ್ತೆ’ ಎಂದು ಮರಾಠಿಯಲ್ಲಿ ದಪ್ಪ ಅಕ್ಷರ. ವಿದ್ಯಾರ್ಥಿನಿ ಅದರ ಮುಂದೆ ನಿಂತು ತನ್ನ ಹೆಸರಿನ ಕಾಗುಣಿತ ನೋಡಿಕೊಂಡು ಹಿಂದೆ ಸರಿದಳು.

“ಯಾಕ, ಖುಷಿ ಆಗಲಿಲ್ಲೇನು?” ಎಂದು ಕೇಳಿದೆ.

“ಆಗ್ಯದ್ರಿ. ಖರೆ ಅಲ್ಲಿ ಹೋಗಿ ಒಮ್ಮೆ ನೋಡಿ ಬರೂಣಲ್ರಿ.”

ಭಾನುವಾರ ಬೆಳಗಿನ ದೌಂಡ್ ರೈಲು ಹಿಡಿದೆವು. ದೌಂಡಿನಿಂದ ಹಂಚಿಕೊಂಡು ಹೋಗುವ ರಿಕ್ಷಾದಲ್ಲಿ ಕುರಕುಂಭ, ಅಲ್ಲಿಂದ ನಡಿಗೆ. ಹಳ್ಳದ ದಂಡೆಯಲ್ಲಿ ಒಬ್ಬ ಮುದುಕಿ ಆಡು ಮೇಯಿಸುತ್ತಿದ್ದಳು. ಇಲ್ಲಿ ಮೀನು ಸಿಗುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದೆ. ಅವಳು ನನ್ನ ಸೀರೆ ನೋಡಿದಳು, ಹುಡುಗಿಯ ಕೈಯಲ್ಲಿದ್ದ ಬಾಟಲಿಗಳನ್ನು ನೋಡಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಮಳೆಗಾಲದಲ್ಲಿ ಸೀರೆಯ ಸೆರಗಿನಲ್ಲೇ ಹಿಡಿಯುತ್ತಿದ್ದೆವು, ಈಗ ಎಲ್ಲಿಯ ಮೀನು ಎಂದಳು. ಸ್ವಲ್ಪ ತಡೆದು, ಮೀನೇ ಬೇಕಿದ್ದರೆ ಮೇಲಕ್ಕೆ ಹೋಗಿ, ಅಲ್ಲೊಬ್ಬರ ಹೊಲದ ಹೊಂಡದಲ್ಲಿ ಸಾಕಿದ್ದಾರೆ ಎಂದು ಕೋಲಿನಿಂದ ದಿಕ್ಕು ತೋರಿಸಿದಳು.

ನಾವಿಬ್ಬರೂ ಓಡಿದೆವು ಎಂದೇ ಹೇಳಬೇಕು. ಐವತ್ತು ದಾಟಿದ ಮೇಲೆ ಉತ್ತ ಹೊಲದಲ್ಲಿ ನಾನು ಓಡಿದ್ದು ಅದೊಂದೇ ಸಲ. ಏರಿನ ಮೇಲೆ ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡ. ಹೊಲದ ಯಜಮಾನ ಒಂದು ಹಿಡಿ ಹಿಂಡಿ ಎಸೆದ. ನೀರು ಕುದಿದಂತಾಗಿ ದುಂಡು ಬಾಯಿಗಳು ಮೇಲೆ ಬಂದವು. ಯಾವ ಮೀನು ಎಂದು ಕೇಳಿದರೆ ಎರಡು ಮೂರು ಹೆಸರು ಹೇಳಿದ, ಅವುಗಳಲ್ಲಿ ಒಂದು ನಮ್ಮದೇ ಗೆಂಡೆ. ಮಳೆ ಜೋರಾದರೆ ಹೊಂಡ ತುಂಬಿ ಹೆಚ್ಚಿನ ನೀರು ಹಳ್ಳಕ್ಕೆ ಹರಿಯುತ್ತದೆ ಎಂದೂ ಹೇಳಿದ.

ಇದಕ್ಕಿಂತ ಇನ್ನೇನು ಬೇಕು? ಮೀನು ಹೊಂಡದಲ್ಲಿದೆ, ಹೊಂಡದ ನೀರು ಹಳ್ಳಕ್ಕೆ ಬರುತ್ತದೆ, ಅದರ ಗುರುತು ಕೆಸರಿನಲ್ಲಿ ಉಳಿದಿದೆ. ಹಿಂದಿರುಗುವ ರೈಲಿನಲ್ಲಿ ನಾನು ಲೇಖನದ ಮೊದಲ ಪ್ಯಾರಾ ಮನಸ್ಸಿನಲ್ಲೇ ಬರೆಯುತ್ತ ಕೂತಿದ್ದೆ. ಅವಳು ಕಿಟಕಿಗೆ ಹಣೆ ಹಚ್ಚಿ ಹೊರಗೆ ನೋಡುತ್ತಿದ್ದಳು. ಹಡಪಸರ್ ದಾಟಿದ ಮೇಲೆ ಬಾಯಿಬಿಟ್ಟಳು.

“ವರ್ಕ್‌ಶಾಪಿನ್ಯಾಗ ಒಂದು ಮಾತು ಹೇಳಿದ್ರುರಿ ಮ್ಯಾಡಮ್. ಏನರೆ ಸಿಕ್ತು ಅಂದ್ರ, ಅದು ಇರಬಾರದ ಜಾಗಾದಾಗೂ ಹುಡುಕ್ರಿ ಅಂತ.”

“ಇರಬಾರದ ಜಾಗ ಅಂದ್ರ?”

“ಮೀನ ಇರ್ಲಕ ಸಾಧ್ಯನ ಇಲ್ಲದ್ದು. ಅಲ್ಲೂ ಸಿಕ್ರ ನಮ್ಮ ಕಥಿ ಮುಗೀತ್ರಿ.”

ಆ ಮಾತು ನನಗೆ ರುಚಿಸಲಿಲ್ಲ. ಹೊಂಡವನ್ನು ಕಣ್ಣಾರೆ ಕಂಡು ಬಂದಿದ್ದೇವಲ್ಲ ಎಂದೆ. ಹೌದ್ರಿ ಎಂದಳು. ಆದರೂ ಮರುದಿನದಿಂದ ಹುಡುಕತೊಡಗಿದಳು.

ಜಗತ್ತಿನ ಅನೇಕ ಪ್ರಯೋಗಾಲಯಗಳು ತಾವು ಓದಿಸಿದ ಡಿಎನ್‌ಎಯ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಇಟ್ಟಿರುತ್ತವೆ. ಅದು ನನಗೆ ಹೆಸರಿಗೆ ಗೊತ್ತಿತ್ತು, ಕಣ್ಣಿಂದ ನೋಡಿರಲಿಲ್ಲ. ಅವಳು ಮರುಭೂಮಿಯ ಮರಳಿನದೊಂದು, ಬ್ರೆಡ್ಡಿನ ಹುಳಿಹಿಟ್ಟಿನದೊಂದು, ಎಳೆಗೂಸಿನ ಮಲದ್ದೊಂದು ಆರಿಸಿಕೊಂಡಳು. ಕಾಲೇಜಿನ ಇಂಟರ್ನೆಟ್ಟಿನಲ್ಲಿ ಇಳಿಯಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಊಟದ ಹೊತ್ತಿಗೆ ನಾನು ಲ್ಯಾಬಿಗೆ ಹೋದಾಗ ಅವಳು ರೊಟ್ಟಿಯ ಡಬ್ಬಿ ತೆರೆದಿಟ್ಟುಕೊಂಡು ಉಣ್ಣದೆ ಕೂತಿದ್ದಳು.

“ಎಲ್ಲಾ ಕಡೆ ಮೀನ ಅದಾವ್ರಿ,” ಎಂದಳು.

“ಮರಳಿನ್ಯಾಗೂ?”

“ಮರಳಿನ್ಯಾಗೂ ಅದಾವ. ಹಿಟ್ಟಿನ್ಯಾಗೂ ಅದಾವ. ಆ ಕೂಸು ಇನ್ನಾ ಹಾಲು ಕುಡಿಯೋ ಕೂಸುರಿ, ಅದು ಮೀನ ಎಲ್ಲಿಂದ ತಿಂತದ?”

ನಾನು ಅವಳ ಎದುರು ಕೂತೆ. ನನಗೆ ಮೊದಲು ನೆನಪಾದದ್ದು ನೋಟಿಸ್ ಬೋರ್ಡು. ಅವಳಿಗೂ ಅದೇ ಇರಬೇಕು. “ಸರ್ ಭಾಳ ಸಿಟ್ಟಿಗೇಳ್ತಾರೇನ್ರಿ?” ಎಂದು ಕೇಳಿದಳು.

“ಅದು ಆಮ್ಯಾಲೆ. ಮೊದಲು ಇದು ಎಲ್ಲಿಂದ ಬಂತು ನೋಡೂಣು.”

ಆ ಮಧ್ಯಾಹ್ನ ಅವಳು ಮೀನಿನದು ಎಂದು ಗುರುತಿಸಿದ ಚೂರುಗಳನ್ನಷ್ಟೇ ಬೇರೆ ತೆಗೆದು ಒಂದರ ಕೆಳಗೊಂದು ಜೋಡಿಸಿದಳು. ಅಷ್ಟು ಮಾಡಿದ್ದೇ ಸಾಕಾಯಿತು, ನನಗೂ ಕಂಡಿತು. ಎಲ್ಲ ಚೂರುಗಳ ಕೊನೆಯಲ್ಲೂ ಒಂದೇ ಅಕ್ಷರಗಳ ಸಾಲು. ಮೀನಿನ ಜೀನೋಮಿನ ಬೇರೆ ಬೇರೆ ಭಾಗದಿಂದ ಬಂದ ಚೂರುಗಳಾಗಿದ್ದರೆ ಬೇರೆ ಬೇರೆ ಇರಬೇಕಿತ್ತು. ಆ ಸಾಲು ಯಾವ ಜೀವಿಯದೂ ಅಲ್ಲ. ಡಿಎನ್‌ಎಯನ್ನು ಯಂತ್ರಕ್ಕೆ ಹಾಕುವ ಮೊದಲು ಪ್ರತಿ ಚೂರಿನ ತುದಿಗೂ ಪ್ರಯೋಗಾಲಯದವರು ಅಂಟಿಸುವ ಕೃತಕ ಬಾಲ ಅದು. ಓದಿ ಮುಗಿದ ಮೇಲೆ ಆ ಬಾಲವನ್ನು ಕತ್ತರಿಸಿ ತೆಗೆಯಬೇಕು. ಭಂಡಾರದಲ್ಲಿದ್ದ ಮೀನಿನ ಜೀನೋಮಿನಲ್ಲಿ ಅದು ಅಲ್ಲಲ್ಲಿ ಉಳಿದುಹೋಗಿತ್ತು. ನಮ್ಮ ಫೈಲಿನಲ್ಲೂ, ಅವಳು ಇಳಿಸಿಕೊಂಡ ಆ ಮೂರರಲ್ಲೂ ಉಳಿದಿತ್ತು. ‘ನಾಳೆಬಾ’ ಬಾಲವನ್ನು ಬಾಲಕ್ಕೆ ಹೋಲಿಸಿ, ಎರಡೂ ಒಂದೇ, ಇದು ಮೀನು ಎಂದಿತ್ತು. ಪಾಪ, ಅದು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹಾಗಾದರೆ ನಾವೇಕೆ ಬಾಲ ಕತ್ತರಿಸಿರಲಿಲ್ಲ? ಅದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲ ದಿನವೇ ಅವಳು, “ಸ್ವಚ್ಛ ಮಾಡಿ ಸುರು ಮಾಡ್ಲೇನ್ರಿ?” ಎಂದು ಕೇಳಿದ್ದಳು. ಕಳಿಸಿದವರು ಸ್ವಚ್ಛ ಮಾಡಿಯೇ ಕಳಿಸಿದ್ದಾರೆ, ಪತ್ರದಲ್ಲಿ ಬರೆದಿದ್ದಾರೆ, ಮತ್ತೆ ಯಾಕೆ ಹೊತ್ತು ಕಳೆಯುತ್ತಿ ಎಂದಿದ್ದೆ. ಒಂದು ಗಾಜಿನ ತಟ್ಟೆಯನ್ನು ತೊಳೆದದ್ದು ಎಂದು ಯಾರಾದರೂ ಕೊಟ್ಟರೆ ನಾನು ಮತ್ತೆ ತೊಳೆಯದೆ ಮುಟ್ಟುವುದಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದ್ದೇನೆ. ಕಂಪ್ಯೂಟರಿನೊಳಗಿನದಕ್ಕೆ ಆ ನಿಯಮ ಅನ್ವಯಿಸುತ್ತದೆ ಎಂದು ಹೊಳೆದೇ ಇರಲಿಲ್ಲ.

ಮುಖ್ಯಸ್ಥರ ಕೋಣೆಗೆ ನಾನೊಬ್ಬಳೇ ಹೋದೆ. ಮೀನಿಲ್ಲ ಸರ್ ಎಂದೆ. ಅವರಿಗೆ ಅರ್ಥವಾಗಲು ಕಾಲು ಗಂಟೆ ಹಿಡಿಯಿತು. ತಪ್ಪು ಯಾರದು, ಹುಡುಗಿಯದೇ ಎಂದು ಕೇಳಿದರು. ಸ್ವಚ್ಛ ಮಾಡುವುದು ಬೇಡ ಎಂದವಳು ನಾನು, ತಪ್ಪು ಹಿಡಿದವಳು ಅವಳು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಪ್ರಿನ್ಸಿಪಾಲರಿಗೆ ಈಗಾಗಲೇ ಹೇಳಿಬಿಟ್ಟಿದ್ದೇನೆ ಎಂದರು. ಆಮೇಲೆ, ಹಾಗಾದರೆ ಬೋರ್ಡಿನ ಮೇಲೆ ಈಗ ಏನು ಹಾಕೋಣ ಎಂದು ನನ್ನನ್ನೇ ಕೇಳಿದರು. ಮೀನು ಹೇಗೆ ಇಲ್ಲವೆಂದು ತಿಳಿಯಿತು ಎನ್ನುವುದನ್ನು ಹಾಕೋಣ ಎಂದೆ. ಅದನ್ನು ಬರೆಯಲು ಎರಡು ಹಾಳೆ ಬೇಕಾದವು. ಮೊದಲಿನ ಚಿತ್ರಕ್ಕಿಂತ ಹೆಚ್ಚು ಹುಡುಗರು ಅದರ ಮುಂದೆ ನಿಂತು ಓದಿದರು. ಕೆಲವರು ನನ್ನನ್ನು ನೋಡಿ ಮುಸಿಮುಸಿ ನಕ್ಕರು ಕೂಡ. ಒಂದು ವಾರ ನನಗೆ ಕಾರಿಡಾರಿನಲ್ಲಿ ನಡೆಯುವುದು ಕಷ್ಟವಾಯಿತು.

ಈ ನಡುವೆ ಅವಳು ಇನ್ನೊಂದು ಸಂಗತಿ ಕಂಡುಹಿಡಿದಿದ್ದಳು. ಆ ಪ್ರೋಗ್ರಾಮಿಗೆ ಇಂಟರ್ನೆಟ್ಟಿನಲ್ಲಿ ಒಂದು ತೆರೆದ ಪುಟವಿದೆ. ಬಳಸುವವರು ಅಲ್ಲಿ ತಮ್ಮ ತೊಂದರೆ ಬರೆಯುತ್ತಾರೆ, ಗೊತ್ತಿದ್ದವರು ಉತ್ತರಿಸುತ್ತಾರೆ. ಕೆಳಕ್ಕೆ ಕೆಳಕ್ಕೆ ಹೋಗಿ ಹುಡುಕಿದರೆ ಯಾವುದೋ ದೇಶದ ವಿದ್ಯಾರ್ಥಿಯೊಬ್ಬ ಬರೆದ ಪ್ರಶ್ನೆ ಇತ್ತು: ‘ನಾನು ಓದುತ್ತಿರುವುದು ಜೇನುಹುಳದ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು. ನನ್ನ ಪಟ್ಟಿಯಲ್ಲಿ ಮೀನು ಏಕೆ ಬರುತ್ತಿದೆ?’ ಅದರ ಕೆಳಗೆ ಇನ್ನಿಬ್ಬರು ‘ನನಗೂ’ ಎಂದಷ್ಟೇ ಬರೆದಿದ್ದರು. ಯಾರೂ ಉತ್ತರಿಸಿರಲಿಲ್ಲ.

“ಬರದು ಹಾಕ್ಲೇನ್ರಿ ನಾವು?” ಎಂದಳು. “ನನ್ನ ಇಂಗ್ಲಿಷ್ ನೋಡಿ ನಗ್ತಾರೇನೋ.”

“ನಂದೂ ಅಷ್ಟಕ್ಕಷ್ಟ ಅದ. ಕೂತು ಬರಿಯೂಣು ಬಾ.”

ಆರು ಸಾಲಿಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ನಾನು ಉದ್ದ ವಾಕ್ಯ ಬರೆಯುತ್ತಿದ್ದೆ, ಅವಳು ಮುರಿಯುತ್ತಿದ್ದಳು. ನಾನು ‘ವಿನಮ್ರವಾಗಿ ತಿಳಿಸುವುದೇನೆಂದರೆ’ ಎಂದು ಸೇರಿಸಿದ್ದನ್ನು ಅಳಿಸಿದಳು. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಜೇನುಹುಳದವನು ಬರೆದ: ಬಾಲ ಕತ್ತರಿಸಿದೆ, ಮೀನು ಹೋಯಿತು, ವಂದನೆ. ಅವನ ಪ್ರಬಂಧ ಅಷ್ಟರಲ್ಲಿ ಮುಗಿದುಹೋಗಿತ್ತಂತೆ. ಮೀನಿನ ಸಾಲನ್ನು ಪಟ್ಟಿಯಿಂದ ಸುಮ್ಮನೆ ಕೈಬಿಟ್ಟಿದ್ದೆ, ಮನಸ್ಸಿನಲ್ಲಿ ಕೊರೆಯುತ್ತಿತ್ತು ಎಂದ. ಆಮೇಲೆ ಪ್ರೋಗ್ರಾಮನ್ನು ನೋಡಿಕೊಳ್ಳುವವಳು ಬರೆದಳು. ಅವಳೂ ಎಲ್ಲೋ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೇ. ಬಳಸುವವರ ಕೈಪಿಡಿಯಲ್ಲಿ ಈ ಎಚ್ಚರಿಕೆ ಇರಬೇಕಿತ್ತು, ನೀನೇ ಬರೆದು ಕಳಿಸುತ್ತೀಯಾ, ಸೇರಿಸುತ್ತೇನೆ ಎಂದಳು. ನಮ್ಮ ಹುಡುಗಿ ಎರಡು ವಾಕ್ಯ ಬರೆದು ಕಳಿಸಿದಳು. ಒಂದು ಪದ ಬದಲಾಯಿಸಿ ಸೇರಿಸಿಕೊಂಡರು. ಬರೆದವರ ಪಟ್ಟಿಯ ಕೊನೆಯಲ್ಲಿ ಇವಳ ಹೆಸರು ಬಂತು. ಅದನ್ನು ಅವಳು ಮನೆಯಲ್ಲಿ ಫೋನಿನಲ್ಲಿ ತೆರೆದು ತೋರಿಸಿದಳಂತೆ.

“ಅಪ್ಪ ಏನಂದ?” ಎಂದು ಕೇಳಿದೆ.

“ಯಾ ಕಂಪನಿದು ಅಂತ ಕೇಳಿದ್ರುರಿ. ಯಾ ಕಂಪನಿದೂ ಅಲ್ಲ, ಎಲ್ಲಾರದು ಅಂದೆ. ಅವರು ಸ್ವಲ್ಪ ಹೊತ್ತು ವಿಚಾರ ಮಾಡಿ, ಹಂಗಾರ ಕೆಟ್ರ ರಿಪೇರಿ ಯಾರು ಮಾಡ್ತಾರ ಅಂದ್ರು.”

ಫಿಟ್ಟರಾದವರು ಕೇಳಬೇಕಾದ ಪ್ರಶ್ನೆಯೇ ಅದು. ನಾನು ಕೂಡ ಅದನ್ನು ಆಗಾಗ ಯೋಚಿಸುತ್ತೇನೆ. ಒಂದು ಪ್ರಶ್ನೆ ಅಲ್ಲಿ ಅಷ್ಟು ಕಾಲ ಉತ್ತರವಿಲ್ಲದೆ ಬಿದ್ದಿತ್ತು ಎನ್ನುವುದೂ ನಿಜ, ಭೋಸರಿಯ ಒಂದು ಮನೆಯ ಹುಡುಗಿ ಅದಕ್ಕೆ ಉತ್ತರ ಕೊಟ್ಟಳು ಎನ್ನುವುದೂ ನಿಜ.

ಬಾಲಗಳನ್ನು ಕತ್ತರಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿದಾಗ ಬ್ಯಾಕ್ಟೀರಿಯಾಗಳ ಪಟ್ಟಿ ಸ್ಪಷ್ಟವಾಯಿತು. ಅವಳ ಪ್ರಾಜೆಕ್ಟು ಒಳ್ಳೆಯ ರೀತಿಯಲ್ಲೇ ಮುಗಿಯಿತು. ಆದರೆ ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ದೊಡ್ಡ ಗುಂಪು ಹಾಗೇ ಉಳಿದಿತ್ತು: ‘ಗುರುತಿಸಲಾಗದ್ದು’. ಭಂಡಾರದ ಯಾವ ಜೀವಿಗೂ ಹೊಂದದ ಚೂರುಗಳು. ಮೀನಿನ ಗದ್ದಲದಲ್ಲಿ ಅತ್ತ ನಾನು ಕಣ್ಣೇ ಹಾಯಿಸಿರಲಿಲ್ಲ. ಇವೇನು ಎಂದು ಕೇಳಿದರೆ ಅವಳು ಭುಜ ಕುಣಿಸಿ, “ಯಾರಿಗೂ ಗೊತ್ತಿಲ್ರಿ,” ಎಂದು ನಕ್ಕಳು. ನನಗೆ ಆ ಸಾಲಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಆ ವಾರವೇ, ನನಗೂ ಇದನ್ನು ಕಲಿಸು ಎಂದು ಅವಳನ್ನು ಕೇಳಿದೆ.

ಈಗ ಅವಳು ಪುಣೆಯಲ್ಲೇ ಒಂದು ಸಂಶೋಧನಾ ತಂಡ ಸೇರಿದ್ದಾಳೆ. ಹೋಗುವ ಮೊದಲು ನನಗಾಗಿ, ಕಂಪ್ಯೂಟರಿಗೆ ಕೊಡಬೇಕಾದ ಎಲ್ಲ ಆಜ್ಞೆಗಳನ್ನು ಕ್ರಮವಾಗಿ ಒಂದು ಫೈಲಿನಲ್ಲಿ ಬರೆದಿಟ್ಟಳು. ಪ್ರತಿ ಆಜ್ಞೆಯ ಮೇಲೆ ಒಂದು ಟಿಪ್ಪಣಿ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ಹಾಗಾಗಿ ಟಿಪ್ಪಣಿಯ ಭಾಷೆ ಯಾದಗಿರಿಯ ಕನ್ನಡ, ಅಕ್ಷರ ಮಾತ್ರ ಮರಾಠಿಯದು. ಮೊದಲ ಸಲ ಓದಿದಾಗ ನಾಲಗೆ ತೊಡರಿತು. ಬಾಯಿ ಬಿಟ್ಟು ಓದಿದ ಮೇಲೆ ಅವಳ ದನಿಯೇ ಕೇಳಿಸಿತು: ‘ಇಲ್ಲಿ ಫೈಲಿಂದು ಹೆಸರು ಹಾಕ್ರಿ. ನಡುವ ಜಾಗಾ ಬಿಡೋದು ಮರೀಬ್ಯಾಡ್ರಿ.’

ಹೋದ ಬುಧವಾರ, ಕ್ಲಾಸಿಗೆ ಇನ್ನೂ ಒಂದು ತಾಸು ಇರುವಾಗ, ಒಬ್ಬಳೇ ಕೂತು ಆ ಗುರುತಿಸಲಾಗದ ಚೂರುಗಳನ್ನು ಬೇರೆ ಮಾಡುವ ಆಜ್ಞೆ ಟೈಪ್ ಮಾಡಿದೆ. ತಪ್ಪು ಎಂದು ಬಂತು. ಮತ್ತೆ ಮಾಡಿದೆ, ಮತ್ತೆ ತಪ್ಪು. ಅವಳಿಗೆ ಫೋನ್ ಮಾಡಲು ಕೈ ಹೋಗಿತ್ತು. ತಡೆದು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ನಡುವೆ ಒಂದು ಕಡೆ ಜಾಗ ಬಿಟ್ಟಿರಲಿಲ್ಲ. ಬಿಟ್ಟು ಒತ್ತಿದೆ. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಇಳಿಯತೊಡಗಿದವು. ಮುಗಿಯಲು ಎಷ್ಟು ಹೊತ್ತಾಗುತ್ತದೋ ಗೊತ್ತಿರಲಿಲ್ಲ. ಕಂಪ್ಯೂಟರಿನ ಮೇಲೆ ‘ಆಫ್ ಮಾಡಬೇಡಿ’ ಎಂದು ಮರಾಠಿಯಲ್ಲಿ ಚೀಟಿ ಅಂಟಿಸಿ, ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.